ಷಿಜಿಗೆ ಬಾರದ ಆಟ

ಷಿಜಿಗೆ ತನ್ನ ಅಣ್ಣ ಎಬಿಯ ಮೇಲಿದ್ದ ಸಿಟ್ಟು ಹಳೆಯದು. ಹಳೆಯ ಸಿಟ್ಟು ತಾನಾಗಿ ತಣ್ಣಗಾಗುತ್ತದೆ ಎನ್ನುವವರು ಯಾರ ಮೇಲೂ ಸರಿಯಾಗಿ ಸಿಟ್ಟು ಮಾಡಿಕೊಂಡವರಲ್ಲ. ಕಡಬ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು, ಊರ ಹೆಂಗಸರ ರವಿಕೆಯ ಅಳತೆಯನ್ನೂ ಮನೆಯ ಸುದ್ದಿಯನ್ನೂ ಒಟ್ಟಿಗೇ ತೆಗೆದುಕೊಳ್ಳುತ್ತ ನಗುನಗುತ್ತ ಇರುವ ಈ ಹೆಂಗಸಿನ ಹೊಟ್ಟೆಯಲ್ಲಿ ಅಂಥದ್ದೊಂದು ಕೆಂಡ ಇದೆಯೆಂದು ಕಟ್ಟಿಕೊಂಡ ಗಂಡನಿಗೂ ಸರಿಯಾಗಿ ಗೊತ್ತಿರಲಿಲ್ಲ.

ಕಾರಣ ಒಂದು ಟಿವಿ. ಷಿಜಿ ಎಸ್ಸೆಸ್ಸೆಲ್ಸಿ ಬರೆದ ವರ್ಷ ಕುವೈತಿನಲ್ಲಿದ್ದ ಮಾವ ಊರಿಗೆ ಬಂದವನು ಒಂದು ವಿಡಿಯೋ ಗೇಮ್ ತಂದುಕೊಟ್ಟಿದ್ದ. ಟಿವಿಗೆ ವಯರ್ ಸಿಕ್ಕಿಸಿ, ಪೆಟ್ಟಿಗೆಯ ಮೇಲಿನಿಂದ ಕ್ಯಾಸೆಟ್ ತುರುಕಿ, ಗುಂಡಿಗಳಿರುವ ರಿಮೋಟ್ ಹಿಡಿದು ಆಡುವಂಥದ್ದು. ಮಾವ ತಂದದ್ದು ಇಬ್ಬರು ಮಕ್ಕಳಿಗೆಂದೇ. ಆದರೆ ಎಬಿ ರಿಮೋಟನ್ನು ತಂಗಿಯ ಕೈಗೆ ಒಂದು ದಿನವೂ ಕೊಡಲಿಲ್ಲ. ಹಿಂದೆ ಚಾಪೆಯ ಮೇಲೆ ಕೂತು ಅವನು ಆಡುವುದನ್ನು ನೋಡುವುದಷ್ಟೇ ಅವಳ ಪಾಲಿಗೆ ಬಂದದ್ದು. ಪರದೆಯ ಮೇಲೆ ಒಬ್ಬ ಕುಳ್ಳ ಸಿಪಾಯಿ ಓಡುತ್ತಾ ಹೊಂಡ ಹಾರುತ್ತಾ ಒಂದೊಂದೇ ಕೋಟೆ ದಾಟಿ ಹೋಗುತ್ತಿದ್ದ.

ಆ ಕಾಲದ ಆಟದಲ್ಲಿ ಆಡಿದಷ್ಟನ್ನು ಉಳಿಸಿಡುವ ವ್ಯವಸ್ಥೆ ಇರಲಿಲ್ಲ. ಕರೆಂಟು ಹೋಯಿತೋ, ಮೊದಲ ಕೋಟೆಯಿಂದಲೇ ಶುರು. ಹಾಗಾಗಿ ಎಬಿ ಊಟಕ್ಕೆ, ಸ್ನಾನಕ್ಕೆ, ಪೇಟೆಗೆ ಹೋಗುವಾಗಲೂ ಆಟವನ್ನು ಅರ್ಧದಲ್ಲಿ ನಿಲ್ಲಿಸಿ, ಟಿವಿ ಉರಿಯುತ್ತಿರುವ ಹಾಗೆಯೇ ಬಿಟ್ಟು ಹೋಗುತ್ತಿದ್ದ. ಮೇ ತಿಂಗಳ ಒಂದು ಆದಿತ್ಯವಾರ ಕೊನೆಯ ಕೋಟೆಯ ಬಾಗಿಲಲ್ಲಿ ಸಿಪಾಯಿಯನ್ನು ನಿಲ್ಲಿಸಿ, "ಮುಟ್ಟಿದರೆ ಕೈ ಮುರಿತೇನೆ ನೋಡು" ಎಂದು ತಂಗಿಗೆ ಹೇಳಿ, ಇಗರ್ಜಿಯ ಮೈದಾನಕ್ಕೆ ವಾಲಿಬಾಲ್ ಆಡಲು ಹೋದ. ಅಪ್ಪ ಮತ್ತಾಯಿಯೂ ಪಂದ್ಯ ನೋಡಲು ಅಲ್ಲಿಯೇ ಇದ್ದರು. ಅಮ್ಮನಿಲ್ಲದ ಮನೆಯಲ್ಲಿ ಇದ್ದವಳು ಷಿಜಿ ಒಬ್ಬಳೇ.

ಆ ಕಡೆಯ ಮನೆಗಳಲ್ಲಿ ಗುಡುಗಿನ ಮೊದಲ ಸದ್ದಿಗೇ ಟಿವಿಯ ಪಿನ್ನು ಕಿತ್ತು, ಆಂಟೆನಾದ ವಯರನ್ನು ಬಿಚ್ಚಿ ಕಿಟಕಿಯಿಂದ ಹೊರಗೆ ಎಸೆಯುವುದು ಕ್ರಮ. ತೊಟ್ಟಿಲ ಮಗುವಿಗೆ ಮಾತ್ರ ಆ ಕೆಲಸದಿಂದ ವಿನಾಯಿತಿ. ಆ ದಿನ ಗುಡುಗಿತು. ಷಿಜಿ ಓಡಿ ಬಂದು ಪಿನ್ನಿಗೆ ಕೈ ಹಾಕಿದಳು. ಕಿತ್ತರೆ ಅಣ್ಣನ ಕೋಟೆ ಹೋಗುತ್ತದೆ, ಅಣ್ಣ ಹೇಳಿದ್ದನ್ನು ಮಾಡಿಯೇ ಮಾಡುತ್ತಾನೆ. ಹೀಗೆ ಅವಳು ಅನುಮಾನಿಸಿ ನಿಂತ ಗಳಿಗೆಯಲ್ಲಿ ಸಿಡಿಲು ಬಡಿಯಿತು. ಟಿವಿಯ ಹಿಂದಿನಿಂದ ಹೊಗೆ ಎದ್ದು ಗೋಡೆ ಕಪ್ಪಾಯಿತು.

"ಇವಳು ಆಡ್ತಾ ಇದ್ದದ್ದು ಚಾಚ್ಚಾ. ಆಟ ಹೋಗ್ತದೆ ಅಂತ ಪಿನ್ನು ತೆಗೀಲಿಲ್ಲ," ಎಂದ ಎಬಿ, ಅಂಗಳದಲ್ಲಿ ನಿಂತು, ಅಪ್ಪನ ಕಣ್ಣಿನಲ್ಲಿ ಕಣ್ಣಿಟ್ಟು. ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸುವುದೆಂದರೆ ಇದೇ. ಎಬಿ ಮೈದಾನದಲ್ಲಿ ಇದ್ದದ್ದಕ್ಕೆ ಅಪ್ಪನೇ ಸಾಕ್ಷಿ. ಷಿಜಿ ಅತ್ತಳು, ಇಗರ್ಜಿಯ ಮಾತೆಯ ಮೇಲೆ ಆಣೆ ಹಾಕಿದಳು. ಮತ್ತಾಯಿ ಹೊಡೆಯಲಿಲ್ಲ, ಬೈಯಲೂ ಇಲ್ಲ. "ಇಷ್ಟು ಬುದ್ಧಿ ಇರುವವಳನ್ನು ಹಾಸ್ಟೆಲಿನಲ್ಲಿ ಬಿಟ್ಟರೆ ಆದ ಹಾಗೆಯೇ" ಎಂದರು. ಫಸ್ಟ್ ಕ್ಲಾಸಿನಲ್ಲಿ ಪಾಸಾದ ಹುಡುಗಿ ಪುತ್ತೂರಿನ ಕಾಲೇಜಿನ ಬದಲು ನೆಲ್ಯಾಡಿಯ ಹೊಲಿಗೆ ಕ್ಲಾಸಿಗೆ ಹೋದಳು. ಪುತ್ತೂರಿಗೆ ಹೋದವನು ಎಬಿ.

ಅಲ್ಲಿಯೇ ಅವನು ನೆಲೆಯೂರಿದ. ಈಗ ಅವನದು ಟಿವಿ, ಫ್ರಿಜ್ಜಿನ ದೊಡ್ಡ ಅಂಗಡಿ, ನರಿಮೊಗರಿನಲ್ಲಿ ಮಹಡಿಯ ಮನೆ. ಮಹಡಿಯ ಒಂದು ಕೋಣೆಯ ತುಂಬ ಹಳೆಯ ಗೇಮುಗಳು. ಎಲ್ಲೆಲ್ಲಿಂದಲೋ ಹುಡುಕಿ ತಂದು, ಕ್ಯಾಸೆಟ್ಟಿಗೆ ಉಫ್ ಎಂದು ಊದಿ, ನಮ್ಮ ಬಾಲ್ಯವೇ ಬಾಲ್ಯ ಎಂದು ವಿಡಿಯೋ ಮಾಡಿ ಹಾಕುತ್ತಾನೆ. ನೋಡುವವರು ಸಾವಿರಗಟ್ಟಲೆ. ಸುಳ್ಳು ಹೇಳಿ ಸುಮ್ಮನಿದ್ದಿದ್ದರೆ ಷಿಜಿಯೂ ಸುಮ್ಮನಿರುತ್ತಿದ್ದಳೋ ಏನೋ. ಆದರೆ ಒಂದು ದಿನ ಚೂಡಿದಾರ ಹೊಲಿಸಲು ಬಂದ ನಶೀದಾ ಫೋನನ್ನು ಮುಂದೆ ಹಿಡಿದು, "ಷಿಜಿಯಕ್ಕ, ಇದು ನೀವಂತೆ ಅಲ್ಲವಾ?" ಎಂದು ನಕ್ಕಳು. ವಿಡಿಯೋದಲ್ಲಿ ಎಬಿ ಹೇಳುತ್ತಿದ್ದ: "ನನ್ನ ತಂಗಿಯ ಆಟದ ಹುಚ್ಚಿಗೆ ನಮ್ಮ ಟಿವಿಯೇ ಸುಟ್ಟುಹೋಯ್ತು ಮಾರಾಯ್ರೆ." ಕೆಳಗೆ ಜನ ನಗುವ ಮುಖಗಳನ್ನು ಸುರಿದಿದ್ದರು.

ಷಿಜಿಯೂ ನಕ್ಕಳು. ನಶೀದಾ ಹೋದ ಮೇಲೆ ಕತ್ತರಿ ಕೆಳಗಿಟ್ಟು ಕೂತಳು. ತನ್ನ ಓದನ್ನು ತಿಂದವನು ಈಗ ಅದನ್ನು ಊರಿಗೆಲ್ಲ ನಗೆಯಾಗಿ ಹಂಚುತ್ತಿದ್ದಾನೆ. ಇದಕ್ಕೆ ಮುಯ್ಯಿ ತೀರಿಸದೆ ಸತ್ತರೆ ತನ್ನ ಮಣ್ಣೂ ತಣ್ಣಗಾಗದು ಎಂದು ಅವಳಿಗೆ ಖಚಿತವಾಯಿತು.

ದಾರಿ ಅವನೇ ತೋರಿಸಿದ. ಅಪ್ಪನ ಎಂಬತ್ತನೇ ಹುಟ್ಟುಹಬ್ಬವನ್ನು ನರಿಮೊಗರಿನ ಮನೆಯಲ್ಲಿ ಮಾಡುವುದು, ಊಟಕ್ಕೆ ಮೊದಲು ಎಲ್ಲರಿಗೂ ಹಳೆಯ ಗೇಮಿನ ಸ್ಪರ್ಧೆ ಇಡುವುದು ಎಂದು ಫೋನು ಮಾಡಿದ. ಅದೇ ಸಿಪಾಯಿ, ಅದೇ ಕೋಟೆ. ಷಿಜಿ ಆನ್‌ಲೈನಿನಲ್ಲಿ ಅದೇ ಗೇಮಿನ ಒಂದು ನಕಲಿ ಪೆಟ್ಟಿಗೆ ತರಿಸಿದಳು. ಎಲ್ಲರೆದುರು ಅಣ್ಣನನ್ನು ಸೋಲಿಸಿ ಮಣ್ಣು ಮುಕ್ಕಿಸುವುದು ಅವಳ ಲೆಕ್ಕಾಚಾರ.

ಮಗಳು ನೀತು ಪೆಟ್ಟಿಗೆಯನ್ನು ನೋಡಿ ಮೊದಲು ಮಾಡಿದ ಕೆಲಸ ಟಿವಿಯ ಪರದೆಯನ್ನು ಬೆರಳಿನಿಂದ ತೀಡಿದ್ದು. ಸಿಪಾಯಿ ಕದಲಲಿಲ್ಲ. "ಇದು ಟಚ್ ಅಲ್ಲವಾ? ಸೇವ್ ಎಲ್ಲುಂಟು? ಸತ್ತರೆ ಮತ್ತೆ ಮೊದಲಿಂದವಾ? ಇದೆಂತ ಗೇಮ್ ಅಮ್ಮ, ಶಿಕ್ಷೆಯಾ?" ಎಂದಳು. ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿ. ಫೋನಿನಲ್ಲಿ ಜಗತ್ತನ್ನೇ ಆಡಿಸುತ್ತಾಳೆ.

"ನನಗೆಂತ ಗೊತ್ತು?"

"ನಿಮ್ಮ ಕಾಲದ್ದಲ್ಲವಾ? ನಿಮಗೆಲ್ಲ ಬರ್ತದೆ ಅಂತ ಅಂಕಲ್ ವಿಡಿಯೋದಲ್ಲಿ ಹೇಳುದು."

ಷಿಜಿ ರಿಮೋಟನ್ನು ತಲೆಕೆಳಗಾಗಿ ಹಿಡಿದಿದ್ದಳು. ಅದನ್ನು ನೋಡಿದಾಗಲೇ ನೀತುವಿಗೆ ಏನೋ ಹೊಳೆಯಿತು. ಅಮ್ಮನ ಬಾಯಿಂದ ಇಡೀ ಕಥೆ ಹೊರಗೆ ಬಂತು. ಆಮೇಲೆ ನೀತು ತಾನೇ ಯೂಟ್ಯೂಬ್ ನೋಡಿ ಕಲಿತು ಅಮ್ಮನಿಗೆ ಕಲಿಸಿದಳು. ಅಮ್ಮನ ಕಾಲದ ಆಟವನ್ನು ಅಮ್ಮನಿಗೆ ಮಗಳು ಹೇಳಿಕೊಡಬೇಕಾಗಿ ಬಂತು. ಷಿಜಿ ಅಂಗಡಿ ಮುಚ್ಚಿ ಬಂದವಳು ಅಡುಗೆಯನ್ನೂ ಮರೆತು ಆಡಿದಳು. ಹೊಲಿಗೆಯ ಕೈ, ಬೇಗ ಪಳಗಿತು. ಹುಟ್ಟುಹಬ್ಬದ ಹಿಂದಿನ ವಾರ ಕೊನೆಯ ಕೋಟೆಯ ಬಾಗಿಲು ತೆರೆದು ಒಳಗೆ ಹೋದಾಗ ಅವಳಿಗೆ ಅಳು ಬಂತು. ಅಂಕಲನ ಮುಖ ನೋಡ್ಲಿಕ್ಕುಂಟು ಎಂದು ನೀತು ಕುಣಿದಳು. ಅಲ್ಲಿಯವರೆಗೆ ಯಾರಿಗೂ ಬಾಯಿ ಬಿಡಬಾರದೆಂದು ತಾಯಿ ಮಗಳಿಂದ ಭಾಷೆ ತೆಗೆದುಕೊಂಡಳು.

ಹುಟ್ಟುಹಬ್ಬದ ದಿನ ಎಬಿಯ ಹಜಾರ ತುಂಬಿತ್ತು. ನೆಂಟರಿದ್ದರು, ಪುತ್ತೂರಿನ ವ್ಯಾಪಾರಸ್ಥರಿದ್ದರು, ಅವರ ಮಕ್ಕಳಿದ್ದರು. ಮನೆಯೊಳಗೆ ಮಲಯಾಳ ಮಾತಾಡುವ ಕುಟುಂಬ ಪುತ್ತೂರಿನವರಿಗಾಗಿ ಆ ದಿನ ಕನ್ನಡಕ್ಕೆ ತಿರುಗಿಕೊಂಡಿತ್ತು. ಹಳೆಯ ಡಬ್ಬ ಟಿವಿಯ ಮುಂದಿನ ಕುರ್ಚಿಯಲ್ಲಿ ಮತ್ತಾಯಿ ಬಿಳಿ ಅಂಗಿ ತೊಟ್ಟು ಕೂತಿದ್ದರು. ಎಬಿ ಮೊದಲು ಆಡಿ ತೋರಿಸಿದ, ಮಕ್ಕಳು ಚಪ್ಪಾಳೆ ತಟ್ಟಿದರು. ಅವನ ಅಂಗಡಿಯ ಮ್ಯಾನೇಜರ್ ಸಂಪ್ರೀತ್, ಇಷ್ಟು ವರ್ಷದ ಮೇಲೂ ಹೇಗೆ ಬರುತ್ತದೆ ಎಂದು ಕೇಳಿದ.

"ಕೈಗೆ ಒಮ್ಮೆ ಕೂತರೆ ಸಾಯುವವರೆಗೆ ಮರೆಯುದಿಲ್ಲ ಮಾರಾಯ. ಈಜಿದ ಹಾಗೆ. ನನ್ನ ತಂಗಿಯನ್ನೇ ಕೂರಿಸಿ ನೋಡು. ಟಿವಿ ಸುಟ್ಟವಳು ಅವಳು." ಎಬಿ ನಕ್ಕು ಇಡೀ ಕಥೆಯನ್ನು ಮತ್ತೊಮ್ಮೆ ಹೇಳಿದ. ಎಲ್ಲರೂ ನಕ್ಕರು.

ಮತ್ತಾಯಿಯೂ ಮುಗುಳ್ನಕ್ಕರು. "ಆಗ ಇವಳಿಗೆ ಎಂತ ಹುಚ್ಚು ಅಂತೀರಿ. ಬೆರಳು ಹೇಗೆ ಓಡುದು ಗೊತ್ತುಂಟಾ ಅಂತ ಎಬಿ ಹೇಳ್ತಿದ್ದ. ಗುಡುಗು ಕೂಡ ಕೇಳ್ಲಿಲ್ಲ ಇವಳಿಗೆ."

ರಿಮೋಟಿಗೆ ಕೈ ಚಾಚಿದ್ದ ಷಿಜಿ ಅಲ್ಲಿಯೇ ನಿಂತಳು. ಅವಳಿಗೆ ಆಗ ಅರ್ಥವಾಯಿತು. ತಾನು ಗೆದ್ದರೆ ಎಬಿಯೇ ಗೆದ್ದ ಹಾಗೆ. ತನ್ನ ಒಂದೊಂದು ನೆಗೆತಕ್ಕೂ ಅಪ್ಪ, ನೋಡಿ ನಾನು ಹೇಳಿದ್ದು ಸರಿ ಎಂದು ತಲೆದೂಗುತ್ತಾರೆ. ಹಗಲು ರಾತ್ರಿ ಬೆವರು ಸುರಿಸಿ ಅಣ್ಣನ ಸುಳ್ಳಿಗೆ ಸಾಕ್ಷಿ ತಯಾರು ಮಾಡಿಕೊಂಡು ಬಂದ ಪೆದ್ದಿ ತಾನು. ಸೋಲಿಸುವ ಆಸೆ ಗಂಟಲವರೆಗೆ ಬಂದು ಕೂತಿತ್ತು. ಅದನ್ನು ನುಂಗುವುದು ಕಷಾಯ ನುಂಗುವುದಕ್ಕಿಂತ ಕಷ್ಟವಾಯಿತು. ಆದರೆ ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು.

ಅವಳು ರಿಮೋಟನ್ನು ತಿರುಗಿಸಿ ತಿರುಗಿಸಿ ನೋಡಿ ತಲೆಕೆಳಗಾಗಿ ಹಿಡಿದಳು. "ಇದರಲ್ಲಿ ಹಾರುದು ಯಾವುದು ಚೇಟ್ಟ?" ಎಂದು ಅಣ್ಣನನ್ನೇ ಕೇಳಿದಳು.

ಮಕ್ಕಳು ಕಿಸಕ್ಕನೆ ನಕ್ಕರು. ಎಬಿ ಗುಂಡಿ ತೋರಿಸಿದ. ಸಿಪಾಯಿ ಓಡಿದ. ಹೊಂಡ ಬಂದಾಗ ಷಿಜಿಯ ಹೆಬ್ಬೆರಳು ತಾನಾಗಿಯೇ ಎದ್ದಿತು, ಅವಳು ಅದನ್ನು ಹಲ್ಲು ಕಚ್ಚಿ ತಡೆದಳು. ಸಿಪಾಯಿ ಹೊಂಡಕ್ಕೆ ಬಿದ್ದ. ಎರಡನೆಯ ಸಲವೂ ಅದೇ ಹೊಂಡ. ಮೂರನೆಯ ಸಲ ಗೋಡೆಗೆ ಮುಖ ಕೊಟ್ಟು ನಿಂತೇ ಇದ್ದ. ಮೂಲೆಯಲ್ಲಿದ್ದ ನೀತು ಬಾಯಿ ತೆರೆದವಳು ಮುಚ್ಚಿದಳು.

ನಗು ಮೆಲ್ಲಗೆ ನಿಂತಿತು. "ಇವಳಿಗೆ ಬರುದಿಲ್ಲ," ಎಂದರು ಮತ್ತಾಯಿ. "ರಿಮೋಟ್ ಹಿಡೀಲಿಕ್ಕೆ ಬಾರದವಳು ಅವತ್ತು ಆಡಿದ್ದು ಹೇಗೆ?"

"ಮರೆತುಹೋಗಿರ್ಬೇಕು ಚಾಚ್ಚಾ," ಎಂದ ಎಬಿ.

"ಮರೆಯುದಿಲ್ಲ ಅಂತ ನೀವೇ ಈಗ ಹೇಳಿದ್ದಲ್ಲ ಸರ್," ಎಂದು ಸಂಪ್ರೀತ್ ಬಾಯಿ ತಪ್ಪಿ ಹೇಳಿ ನಾಲಿಗೆ ಕಚ್ಚಿಕೊಂಡ.

ಮುದುಕರು ಮಗನ ಮುಖವನ್ನೇ ನೋಡಿದರು. ಎಬಿ ಟಿವಿಯ ವಯರನ್ನು ಸುಮ್ಮನೆ ಸರಿ ಮಾಡುತ್ತಿದ್ದ. ಬೇರೆ ಉತ್ತರ ಬೇಕಾಗಿರಲಿಲ್ಲ. ಮತ್ತಾಯಿ ಮಗಳ ಕಡೆ ತಿರುಗಿ, "ಅವತ್ತು ನಿನ್ನನ್ನು ಪುತ್ತೂರಿಗೆ ಕಳಿಸ್ಲಿಲ್ಲ ನಾನು," ಎಂದರು.

"ಇಲ್ಲ ಚಾಚ್ಚಾ, ಕಳಿಸ್ಲಿಲ್ಲ," ಎಂದಳು ಷಿಜಿ. ಹೋಗಲಿ ಬಿಡಿ ಎನ್ನಲಿಲ್ಲ. ಇಷ್ಟು ವರ್ಷ ಕಾದದ್ದು ಹೋಗಲಿ ಬಿಡಿ ಎನ್ನುವುದಕ್ಕಲ್ಲ.

ಕೇಕು ಕತ್ತರಿಸಿದಾಗ ಎಬಿ ಮೊದಲ ತುಂಡನ್ನು ಅಪ್ಪನ ಬಾಯಿಯ ಹತ್ತಿರ ಹಿಡಿದ. ಪುತ್ತೂರಿನವರೆಲ್ಲ ಫೋನು ಎತ್ತಿ ಹಿಡಿದಿದ್ದರು. ಮತ್ತಾಯಿ ಆ ಕೈಯನ್ನು ಪಕ್ಕಕ್ಕೆ ಸರಿಸಿ, ಷಿಜಿಯನ್ನು ಕರೆದು ಅವಳ ಕೈಯಿಂದ ತಿಂದರು. ಎಬಿಯ ಮುಖ ಕಪ್ಪಿಟ್ಟಿತು. ಷಿಜಿಗೆ ಆ ದಿನ ಮರಗೆಣಸೂ ಮೀನಿನ ಸಾರೂ ಎಂದಿಲ್ಲದಷ್ಟು ರುಚಿಸಿದವು, ಅವಳು ಎರಡು ಸಲ ಬಡಿಸಿಕೊಂಡು ಉಂಡಳು.

ಅಲ್ಲಿಗೆ ಮುಗಿಸಿದ್ದರೆ ಮುಗಿಯುತ್ತಿತ್ತು. ಆದರೆ ಊಟದ ಮೇಲೆ ಖಾಲಿ ಹಜಾರದಲ್ಲಿ ಎಬಿ ಅವಳ ಹತ್ತಿರ ಬಂದು, "ಎಷ್ಟು ವರ್ಷ ಆಯ್ತು. ಮಕ್ಕಳಾಟಿಕೆ ಅದು. ನೀನು ಹೊಲಿಗೆಯಲ್ಲಿ ಚೆನ್ನಾಗಿಯೇ ಇದ್ದೀಯಲ್ಲ, ಎಂತ ಕಡಿಮೆಯಾಗಿದೆ ನಿನಗೆ?" ಎಂದ. ಕ್ಷಮಿಸು ಎಂಬ ಒಂದು ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಷಿಜಿ ಟಿವಿಯ ಮುಂದೆ ಕೂತಳು. ರಿಮೋಟನ್ನು ಸರಿಯಾಗಿ ಹಿಡಿದಳು. ಸಿಪಾಯಿ ಹೊಂಡ ಹಾರಿದ, ಗೋಡೆ ಹತ್ತಿದ, ಮೊದಲ ಕೋಟೆ ದಾಟಿದ, ಎರಡನೆಯದಕ್ಕೆ ನುಗ್ಗಿದ. ಅವಳು ಪರದೆಯನ್ನು ಅರ್ಧ, ಅಣ್ಣನ ಮುಖವನ್ನು ಅರ್ಧ ನೋಡುತ್ತಾ ಆಡಿದಳು. ಎಬಿ ಪರದೆಯ ಹತ್ತಿರಕ್ಕೆ ಬಗ್ಗಿದ.

"ನಿನಗೆ ಬರ್ತದೆ."

"ಹೌದು. ಹೋಗಿ ಚಾಚ್ಚನಿಗೆ ಹೇಳು."

ಅವನು ನಿಜವಾಗಿಯೂ ಜಗಲಿಗೆ ಓಡಿದ. ಷಿಜಿ ಟಿವಿ ಆರಿಸಿ ಹಿಂದೆಯೇ ಹೋದಳು. ಮತ್ತಾಯಿ ಕುರ್ಚಿಗೆ ಒರಗಿದ್ದರು, ಪಕ್ಕದಲ್ಲಿ ನೀತು ಕೂತಿದ್ದಳು. "ಚಾಚ್ಚಾ, ಇವಳಿಗೆ ಆಡ್ಲಿಕ್ಕೆ ಬರ್ತದೆ. ಎಲ್ಲ ನಾಟಕ. ಈಗ ನನ್ನೆದುರು ಎರಡನೇ ಕೋಟೆಗೆ ಹೋದಳು," ಎಂದ ಎಬಿ ಏದುಸಿರು ಬಿಡುತ್ತಾ. ಅವನು ಹೇಳಿದ್ದು ನಿಜ. ತನ್ನ ನಿಜವನ್ನು ಯಾರೂ ನಂಬದಿದ್ದರೆ ಹೇಗಿರುತ್ತದೆಂದು ಅವನ ಮುಖ ಆಗ ಕಲಿಯುತ್ತಿತ್ತು. ಷಿಜಿ ಅದನ್ನು ಕಣ್ತುಂಬ ನೋಡಿದಳು.

ಮತ್ತಾಯಿ ಪಕ್ಕಕ್ಕೆ ತಿರುಗಿದರು. ಮೊಮ್ಮಗಳ ಗಲ್ಲ ಹಿಡಿದು, "ಮೋಳೆ, ನೀನು ಹೇಳು. ನೀನು ಹೇಳಿದ್ದನ್ನು ನಾನು ನಂಬ್ತೇನೆ. ನಿನ್ನ ಅಮ್ಮನಿಗೆ ಈ ಆಟ ಬರ್ತದಾ?" ಎಂದು ಕೇಳಿದರು.

ಇದನ್ನು ಷಿಜಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬೇಡ ಎನ್ನಲು ಬಾಯಿ ತೆರೆದಳು, ಏನು ಬೇಡವೆಂದು ಅವಳಿಗೇ ತಿಳಿಯಲಿಲ್ಲ.

"ಅಮ್ಮನಿಗಾ?" ಎಂದು ನೀತು ನಕ್ಕಳು. ಅಜ್ಜನ ಕಣ್ಣಿನಲ್ಲಿ ಕಣ್ಣಿಟ್ಟು, ಒಂದಿಷ್ಟೂ ತಡವರಿಸದೆ ಹೇಳಿದಳು: "ಅಪ್ಪಚ್ಚಾ, ಫೋನಲ್ಲಿ ಅಲಾರಂ ಇಡ್ಲಿಕ್ಕೂ ಅಮ್ಮನಿಗೆ ನಾನು ಬೇಕು. ಅಂಥ ಪೆಟ್ಟಿಗೆಯನ್ನು ಅಮ್ಮ ಇವತ್ತೇ ಮೊದಲು ಮುಟ್ಟಿದ್ದು."

ಮತ್ತಾಯಿ ತಲೆಯಾಡಿಸಿ ಎಬಿಯ ಕಡೆಯಿಂದ ಮುಖ ತಿರುಗಿಸಿದರು. ಷಿಜಿ ಮಗಳನ್ನು ನೋಡುತ್ತಾ ನಿಂತಳು. ಸೋದರಮಾವನ ಹೋಲಿಕೆ ಈ ಹುಡುಗಿಯಲ್ಲಿ ಇಷ್ಟೊಂದು ಇದೆಯೆಂದು ಇದುವರೆಗೆ ಅವಳಿಗೆ ಕಂಡಿರಲೇ ಇಲ್ಲ. ನೀತು ಅಜ್ಜನ ಭುಜದ ಮೇಲಿನಿಂದ ಅಮ್ಮನ ಕಡೆ ಕಣ್ಣು ಮಿಟುಕಿಸಿ, ಶಹಬ್ಬಾಸ್‌ಗಿರಿಗೆ ಕಾದಳು.