ಹೀರಾಬಾಯಿಯ ಎಪ್ಪತ್ತೆರಡು ತಾಸು

ಮಿರಜ ಹತ್ತಿರದ ಖಂಡೇರಾಜುರಿ ಊರಿನ ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ ಹೀರಾಬಾಯಿ ಕಸ ಗುಡಿಸಿ ನೆಲ ಒರೆಸುವ ಕೆಲಸ ಮಾಡುತ್ತಾಳೆ. ಎಲ್ಲರೂ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಾರೆ. ಜೈನರ ಹತ್ತು ದಿನದ ದಶಲಕ್ಷಣ ಪರ್ವದ ಆರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅವಳು ಕಸದ ಚೀಲ ಎತ್ತಿದಳು. ಒಳಗಿದ್ದ ಬಳಸಿದ ಸೂಜಿ ಅಂಗೈಗೆ ಚುಚ್ಚಿತು. ಸೂಜಿಗಳನ್ನು ಬೇರೆ ಡಬ್ಬಿಗೆ ಹಾಕಬೇಕು. ಯಾರೋ ಸೋಮಾರಿ ಚೀಲಕ್ಕೇ ಎಸೆದಿದ್ದ. ಅದು ಯಾವ ರೋಗಿಗೆ ಬಳಸಿದ ಸೂಜಿಯೋ ಯಾರಿಗೂ ಗೊತ್ತಿಲ್ಲ.

ಮನೆಗೆ ಬಂದು ಹೇಳಿದರೆ ಗಂಡ ಭೂಪಾಲ ತಲೆ ಎತ್ತಲಿಲ್ಲ.

"ಏನ್ ದೊಡ್ಡದಾತು? ಅರಿಶಿಣ ಹಚ್ಚು."

ಭೂಪಾಲನಿಗೆ ಎಲ್ಲ ಗಾಯಕ್ಕೂ ಅರಿಶಿಣವೇ ಔಷಧಿ, ಎಲ್ಲ ಚಿಂತೆಗೂ "ಆಮ್ಯಾಲೆ ನೋಡೂಣು" ಎಂಬುದೇ ಉತ್ತರ. ಕೆಟ್ಟವನಲ್ಲ, ಆದರೆ ಹಟಮಾರಿ.

ಮಧ್ಯಾಹ್ನ ಸುದ್ದಿ ಕೇಳಿ ಆಶಾ ಕಾರ್ಯಕರ್ತೆ ಕಾಂಚನ ಓಡಿಬಂದಳು.

"ಮಾವಶಿ, ಸಾಬೂನು ಹಚ್ಚಿ ತೊಳದ್ರಿ?"

"ತೊಳದೇನವಾ. ಹಿಂಡಿ ಹಿಂಡಿ ರಕ್ತಾನೂ ತಗದೇನಿ."

"ಹಿಂಡಬಾರದಿತ್ರಿ. ಅರಿಶಿಣಾನೂ ಬ್ಯಾಡ. ಈಗ ಏಳ್ರಿ, ಮಿರಜ ಸರಕಾರಿ ದವಾಖಾನಿಗೆ ಹೋಗೂಣು. ಆ ಸೂಜ್ಯಾಗ ಎಚ್‌ಐವಿ ಇದ್ದವರ ರಕ್ತ ಇದ್ರ ನಿಮಗೂ ತಗಲಬಹುದು. ಅಂಥ ಸೂಜಿ ಸಾವಿರ ಮಂದಿಗೆ ಚುಚ್ಚಿದ್ರ ಮೂರು ಮಂದಿಗೆ ಬರತೈತಿ ಅಂತಾರ. ಕಡಿಮಿ ಖರೆ. ಆದ್ರ ಆ ಮೂರರಾಗ ನಾವಿಲ್ಲ ಅಂತ ಯಾರ ಬರದ ಕೊಟ್ಟಾರ? ತಡಿಯಾಕ ಗುಳಿಗಿ ಅದಾವು. ಎಷ್ಟ ಲಗೂ ಚಾಲೂ ಮಾಡಿದ್ರ ಅಷ್ಟ ಚಲೋ. ಎಪ್ಪತ್ತೆರಡ ತಾಸ ದಾಟಿದ್ರ ಉಪಯೋಗ ಇಲ್ಲ."

ಹೀರಾಬಾಯಿ ಗಂಡನ ಮುಖ ನೋಡಿದಳು. ಪರ್ವದ ಹತ್ತೂ ದಿನ ಊರ ಸೀಮೆ ದಾಟುವುದಿಲ್ಲವೆಂದು ಅವಳು ಬಸದಿಯಲ್ಲಿ ನೇಮ ತೆಗೆದುಕೊಂಡಿದ್ದಳು.

"ನೇಮ ಮುರದ ಹೋಗಾಕ ಬರೂದಿಲ್ಲ," ಎಂದ ಭೂಪಾಲ. "ಇನ್ನ ನಾಕ ದಿನ. ಪರ್ವ ಮುಗದ ಮ್ಯಾಲೆ ಹೋದ್ರಾತು."

"ಕಾಕಾ, ನಾಕ ದಿನ ಅಂದ್ರ ತೊಂಬತ್ತಾರ ತಾಸ್ರಿ!"

"ನೀ ಸುಮ್ನಿರವಾ. ದೇವರ ಮುಂದ ಕೊಟ್ಟ ಮಾತದು."

ನಿಜ ಬೇರೆಯೇ ಇತ್ತು. ಮಗಳು ಪ್ರಾಜಕ್ತಾಳನ್ನು ನೋಡಲು ಕವಲಾಪುರದಿಂದ ಗಂಡಿನ ಕಡೆಯವರು ಬರುವವರಿದ್ದರು. ಎಚ್‌ಐವಿ ಪರೀಕ್ಷೆಯ ಸಾಲಿನಲ್ಲಿ ಹೆಂಡತಿಯನ್ನು ಯಾರಾದರೂ ಕಂಡರೆ? ಆ ಭಯವನ್ನು ಅವನು ಹೆಂಡತಿಯ ನೇಮದ ಹಿಂದೆ ಬಚ್ಚಿಟ್ಟ.

ಮರುದಿನ ಹೀರಾಬಾಯಿ ಬಾಯಿಬಿಟ್ಟು ಕೇಳಿದಳು, "ಬಸದಿ ಪಂಡಿತರನ್ನರ ಒಂದ ಮಾತ ಕೇಳ್ರಿ." ಅವನು ಹೋಗಿ ಕೇಳಲಿಲ್ಲ. ಕಾಂಚನ ಇನ್ನೂ ಎರಡು ಸಲ ಬಂದು ಅಂಗಲಾಚಿ ಹೋದಳು. ಎಪ್ಪತ್ತೆರಡು ತಾಸು ಮನೆಯೊಳಗೇ ಮುಗಿದವು.

ಪರ್ವ ಮುಗಿದ ಮರುದಿನ ಗಂಡ, ಹೆಂಡತಿ, ಕಾಂಚನ ಮೂವರೂ ಮಿರಜಕ್ಕೆ ಹೋದರು. ಪರೀಕ್ಷಾ ಕೇಂದ್ರದ ಸಮಾಲೋಚಕಿ ಎಲ್ಲ ಕೇಳಿ ಪೆನ್ನು ಕೆಳಗಿಟ್ಟಳು.

"ಐದ ದಿನ ಆಗ್ಯಾವ್ರಿ. ತಡಿಯೂ ಗುಳಿಗಿ ಈಗ ಕೊಟ್ರೂ ಕೆಲಸ ಮಾಡಂಗಿಲ್ಲ."

ಪರೀಕ್ಷೆ ಮಾಡಿದರು. ಎಚ್‌ಐವಿ ಇಲ್ಲವೆಂದು ಬಂತು. ಭೂಪಾಲ ಹಿಗ್ಗಿಹೋದ.

"ನೋಡ್ರಿ, ಏನೂ ಇಲ್ಲ!"

ಸಮಾಲೋಚಕಿ ತಿದ್ದಿದಳು, "ಕಾಕಾ, ಸೂಜಿ ಚುಚ್ಚೂಕಿಂತ ಮೊದಲ ಇದ್ದಿಲ್ಲ ಅನ್ನೂದಷ್ಟ ಇದರಿಂದ ತಿಳೀತು. ಹೊಸಾದು ತಗಲಿದ್ರ ಇಷ್ಟ ಲಗೂ ಕಾಣೂದಿಲ್ಲ. ಆರ ವಾರಕ್ಕ ಒಮ್ಮೆ, ಮೂರ ತಿಂಗಳಿಗೆ ಒಮ್ಮೆ ಮತ್ತ ಬರಬೇಕು. ಅಲ್ಲೀತನಕ ಗಂಡಹೆಂಡತಿ ಕೂಡಿದ್ರ ನಿರೋಧ ಬಳಸ್ರಿ. ತಗಲಿದ್ರೂ ದಿನಾ ಗುಳಿಗಿ ತಗೊಂಡ ಚಂದಂಗ ಬಾಳಬಹುದು. ಇಲ್ಲಿ ಎಲ್ಲಾ ಪುಕಟ. ಹೆಸರ ಯಾರಿಗೂ ಹೇಳೂದಿಲ್ಲ."

ಹೆಸರು ಹೊರಗೆ ಹೋಗುವುದಿಲ್ಲ! ಭೂಪಾಲ ಹೆದರಿ ಕೂತದ್ದೆಲ್ಲ ಇಷ್ಟಕ್ಕೇ.

ಸಂಜೆ ಬಸದಿಯ ಮುಂದೆ ಪಂಡಿತ ಧರಣೇಂದ್ರರು ಸಿಕ್ಕರು. ಭೂಪಾಲ ತಡೆಯಲಾರದೆ ಎಲ್ಲ ಹೇಳಿಕೊಂಡ.

"ಅಲ್ಲೋ ಭೂಪಾಲ, ಜೀವಕ್ಕ ಧೋಕಾ ಇದ್ದಾಗ ಹೋಗಬ್ಯಾಡ ಅಂತಿದ್ನೇನು? ಒಂದ ಪ್ರಾಯಶ್ಚಿತ್ತ ಹೇಳಿ ಆಗಿಂದಾಗ ಕಳಸ್ತಿದ್ದೆ. ಕೇಳಬೇಕಿಲ್ಲೇನು?"

ಬಸದಿ ಅವನ ಮನೆಯಿಂದ ಐವತ್ತು ಹೆಜ್ಜೆ.

ಮನೆಯಲ್ಲಿ ಹೀರಾಬಾಯಿ ತನ್ನ ತಾಟು ಬೇರೆ ಇಟ್ಟುಕೊಂಡಳು. ಕೂಡಿ ಉಂಡರೆ, ಮುಟ್ಟಿದರೆ ಬರುವುದಿಲ್ಲವೆಂದು ಕಾಂಚನ ಎಷ್ಟು ಹೇಳಿದರೂ ಕೇಳಲಿಲ್ಲ. ಮಗಳನ್ನೂ ಹತ್ತಿರ ಕರೆಯುತ್ತಿಲ್ಲ. ಆರು ವಾರದ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಕೊನೆಯದು ಇನ್ನೂ ಆಗಬೇಕು. ಭೂಪಾಲ ಈಗ ದವಾಖಾನೆಯವರ ಬೆನ್ನು ಹತ್ತಿ ಸೂಜಿಗೆ ಬೇರೆ ಡಬ್ಬಿ ಇಡಿಸಿದ್ದಾನೆ, ಕಂಡವರಿಗೆಲ್ಲ ತಾಸಿನ ಲೆಕ್ಕ ಹೇಳುತ್ತಾನೆ.

"ಆವತ್ತ ನೀವು 'ನಡಿ' ಅಂದಿದ್ರ ಸಾಕಿತ್ರಿ," ಎಂದಳು ಹೀರಾಬಾಯಿ ಒಂದು ದಿನ. ಬೈಯಲಿಲ್ಲ, ಅಳಲೂ ಇಲ್ಲ. ಅವನು ಅತ್ತುಬಿಟ್ಟ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಬಳಸಿದ ಸೂಜಿ ಚುಚ್ಚಿದರೆ, ಗಾಯಕ್ಕೆ ಬೇರೆಯವರ ರಕ್ತ ತಗುಲಿದರೆ, ನಿರೋಧವಿಲ್ಲದೆ ಸಂಬಂಧವಾಗಿ ಅನುಮಾನವಿದ್ದರೆ ತಡಮಾಡಬೇಡಿ. ಸರಕಾರಿ ದವಾಖಾನೆಗೆ ಹೋಗಿ. ದಾರಿ ತಿಳಿಯದಿದ್ದರೆ 1097ಕ್ಕೆ ಫೋನು ಮಾಡಿ, ಖರ್ಚಿಲ್ಲ. ಮತ್ತೆ ಪರೀಕ್ಷೆಗೆ ಕರೆದ ದಿನ ತಪ್ಪಿಸಬೇಡಿ. ಯಾರಾದರೂ "ಹೋಗಲೇನು?" ಎಂದು ನಿಮ್ಮ ಮುಖ ನೋಡಿದರೆ, ಎದ್ದು ಅವರ ಜೊತೆಗೆ ಹೊರಡಿ.