ಸದರಿ

ಇನ್ನೂರ ಹದಿನಾಲ್ಕು ಜನ ಎಲ್ಲಿ ಹೋದರು?

ಶಿವಮಲ್ಲು ಮತ್ತೊಮ್ಮೆ ಗುಂಡಿ ಒತ್ತಿದ. ಒಳಗೆ ಹೋದವರು ನಾನೂರ ಹನ್ನೆರಡು. ಹೊರಗೆ ಬಂದವರು ನೂರ ತೊಂಬತ್ತೆಂಟು. ಸಂತೆಯಲ್ಲಿ ಎಮ್ಮೆ ಕಳೆದರೂ ಒಂದಿಷ್ಟು ಗಲಾಟೆ ಆಗುತ್ತದೆ. ಇಲ್ಲಿ ಕಂಪ್ಯೂಟರು ಕೆಮ್ಮಲೂ ಇಲ್ಲ.

ಗುಂಡ್ಲುಪೇಟೆ ತಾಲ್ಲೂಕಿನ ಜನ ಏನು ಮಾಡಿಕೊಂಡು ಬದುಕುತ್ತಾರೆ ಎಂಬುದರ ಸಮೀಕ್ಷೆ ಅದು. ಸಂಖ್ಯಾಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದ್ದ ಶಿವಮಲ್ಲು ಚಾಮರಾಜನಗರದ ಈ ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಕೂತು ಎರಡು ವರ್ಷ. ಇವತ್ತು ನಾಲ್ಕು ಗಂಟೆಯೊಳಗೆ ಲೆಕ್ಕ ತಾಳೆಯಾದರೆ ಗುತ್ತಿಗೆ ಇನ್ನಾರು ತಿಂಗಳು ಮುಂದಕ್ಕೆ. ಆಗದಿದ್ದರೆ ನಾಳೆಯಿಂದ ಬಸ್ಸು ಹತ್ತುವ ಕಷ್ಟವಿಲ್ಲ.

ಆರ್ ಎಂಬ ಒಂದೇ ಅಕ್ಷರದ ಹೆಸರಿನ ಕಂಪ್ಯೂಟರ್ ಭಾಷೆಯಲ್ಲಿ ಅವನು ಒಂದು ಸ್ವಿಚ್ ಬರೆದಿದ್ದ. ಅದು ಬಾಗಿಲಲ್ಲಿ ಕೂತ ಜವಾನನ ಹಾಗೆ. ವ್ಯವಸಾಯ ಎಂದರೆ ಒಂದನೇ ಕೋಣೆ, ಕೂಲಿ ಎಂದರೆ ಎರಡು. ಕುರಿ ಸಾಕಣೆ, ವ್ಯಾಪಾರ, ಸಂಬಳ, ಅಷ್ಟೇ. ಈ ಐದರಲ್ಲಿ ಯಾವುದೂ ಅಲ್ಲದವನು ಬಂದರೆ ಜವಾನ ಬಯ್ಯುವುದಿಲ್ಲ, ತಡೆಯುವುದಿಲ್ಲ. ಸುಮ್ಮನೆ ಇನ್ನೆಲ್ಲೋ ನೋಡುತ್ತಾನೆ. ಬಂದವನು ಬಂದೇ ಇರಲಿಲ್ಲ ಎಂದು ಲೆಕ್ಕ.

ಫಾರಂಗಳನ್ನು ತಿರುವಿದಾಗ ಗೊತ್ತಾಯಿತು. ಕಳೆದುಹೋದವರು ಹೆಚ್ಚುಕಡಿಮೆ ಎಲ್ಲ ಹೆಂಗಸರು. ಮನೆಯ ಯಜಮಾನನ ಎದುರು ಅವನ ಕಸುಬು; ಕೆಳಗೆ ಹೆಂಡತಿಯ, ಸೊಸೆಯ ಎದುರು ‘ಸದರಿ’. ಮೇಲಿನದೇ, ಎಂದು.

ಮನೆಮನೆ ತಿರುಗಿ ಬರೆದುಕೊಂಡು ಬಂದವರಲ್ಲಿ ಒಬ್ಬನಾದ ಚಂದಕವಾಡಿಯ ಪ್ರದೀಪ ಬಾಗಿಲಲ್ಲಿ ಟೀ ಕುಡಿಯುತ್ತಿದ್ದ.

“ಏನ್ಲಾ ಇದು, ಎಲ್ಲಾ ಸದರಿ?”

“ಒಂದೊಂದ್ ಮನೆಗೂ ನಾಕ್ನಾಕ್ ಸತಿ ವ್ಯವಸಾಯ ಅಂತ ಬರುದ್ರೆ ಕೈ ಬಿದ್ದೋಯ್ತದೆ ಸಾ. ನಮ್ ಶ್ಯಾನುಭೋಗ್ರ ಕಾಲದಿಂದ್ಲೂ ಇಂಗೇ ಬರ್ಯೋದು.”

“ಆ ಹೆಂಗಸ್ರನ್ನ ಕೇಳ್ದಾ?”

“ಕೇಳುದ್ರೆ ನಗ್ತಾರೆ ಬುಡಿ ಸಾ.”

ಸ್ವಿಚ್ಚಿಗೆ ಇನ್ನೊಂದು ಗುಣವಿತ್ತು. ಒಂದು ಪದದ ಮುಂದೆ ಏನೂ ಬರೆಯದೆ ಖಾಲಿ ಬಿಟ್ಟರೆ ಅದು ತನ್ನ ಕೆಳಗಿನವನ ಉತ್ತರವನ್ನೇ ತನ್ನದೆನ್ನುತ್ತದೆ. ಶಿವಮಲ್ಲುವಿಗೆ ಕುಚೋದ್ಯ ಹುಟ್ಟಿತು. ‘ಸದರಿ’ಯನ್ನು ಖಾಲಿ ಬಿಟ್ಟು ಕುರಿ ಸಾಕಣೆಯ ಮೇಲೆ ಕೂರಿಸಿದ. ಕಣ್ಣು ಮಿಟುಕಿಸುವುದರೊಳಗೆ ಇನ್ನೂರ ಹದಿಮೂರು ಹೆಂಗಸರು ಕುರಿ ಹೊಡೆದುಕೊಂಡು ಹೊರಟರು. ಸಂಬಳದ ಮೇಲೆ ಕೂರಿಸಿದ. ಹಂಗಳದ ಕರಿಯಮ್ಮ, ಚಿಕ್ಕಮಲ್ಲಮ್ಮ ಎಲ್ಲ ತಿಂಗಳ ಮೊದಲ ತಾರೀಕಿಗೆ ಕಾಯತೊಡಗಿದರು. ದೇವರೂ ಬೇಜಾರಾದಾಗ ಹೀಗೇ ಆಡಿರಬೇಕು.

“ಆಟ ಆಡ್ತಾ ಕೂತಿದ್ದೀರೇನ್ರೀ?” ಮೇಲ್ವಿಚಾರಕ ಗುರುಪಾದಸ್ವಾಮಿ ಹಿಂದೆ ನಿಂತಿದ್ದರು. “ಸದರಿ ಅಂದ್ರೆ ಗಂಡಂದೇ ಕಣ್ರೀ. ಮೇಲಿಂದ ಇಳ್ಸಿ.”

ಇಳಿಸಿದ. ನಾನೂರ ಹತ್ತು. ಇನ್ನು ಇಬ್ಬರೇ.

ಆ ಇಬ್ಬರ ಫಾರಂ ಗುಂಡ್ಲುಪೇಟೆ ಊರಿನದೇ. ಮೊದಲ ಸಾಲು: ಶಿವಮಲ್ಲು, ಯಜಮಾನ, ಕಸುಬು: ಗೊತ್ತಿಲ್ಲ. ಎರಡನೇ ಸಾಲು: ಮಂಗಳಗೌರಿ, ಹೆಂಡತಿ, ಸದರಿ.

ಅವನು ಅದನ್ನು ಎರಡು ಸಲ ಓದಿದ. ಆಮೇಲೆ ಮನೆಗೆ ಫೋನು ಮಾಡಿದ. ಅತ್ತ ಕಡೆ ಹೊಲಿಗೆ ಮೆಷಿನ್ನಿನ ಸದ್ದು.

“ಸಮೀಕ್ಷೆಯವ್ರು ಬಂದಿದ್ರಾ?”

“ಬಂದಿದ್ರು ಕಣ್ರೀ, ಓದ್ ತಿಂಗ್ಳು.”

“ನನ್ ಕೆಲ್ಸ ಏನಂತ ಬರೆಸ್ದೆ?”

ಮೆಷಿನ್ನು ನಿಂತಿತು. “ಏನೋ ಕಂಪ್ಯೂಟ್ರು ಮುಂದೆ ಕೂತ್ಕತಾರೆ, ಗೊತ್ತಿಲ್ಲ ಅಂದ್ಬುಟ್ಟೆ. ಯಾಕೆ, ತೆಪ್ಪಾಯ್ತಾ?”

“ನಿಂದು?”

“ನಂದ್ ಯಾರ್ ಕೇಳುದ್ರು?”

“ವ್ಯಾಪಾರ ಅಂತ ಹಾಕ್ಲಾ? ಬ್ಲೌಸ್ ಹೊಲೀತೀಯಲ್ಲ.”

“ಏನಾರ ಹಾಕ್ಕಳಿ. ಸಂಜೆಗೆ ಆರು ಬ್ಲೌಸು ಕೊಡ್ಬೇಕು, ಫೋನ್ ಮಡಗ್ಲಾ?”

ಹಾಕಿದ. ಮಂಗಳಗೌರಿ ನಾಲ್ಕನೇ ಕೋಣೆಗೆ ನೆಟ್ಟಗೆ ನಡೆದು ಹೋದಳು. ತಿರುಗಿ ನೋಡಲಿಲ್ಲ. ನಾನೂರ ಹನ್ನೊಂದು.

ಮೂರೂವರೆಗೆ ಅವನು ಗುರುಪಾದಸ್ವಾಮಿಗಳ ಮೇಜಿನ ಮುಂದೆ ನಿಂತ.

“ಸರ್, ಒಬ್ಬ ಉಳಿದಿದ್ದಾನೆ. ಕೊನೆಗೆ ‘ಇತರೆ’ ಅಂತ ಒಂದು ಸೇರಿಸ್ಲಾ?”

“ಫಾರ್ಮ್ಯಾಟಲ್ಲಿ ಇತರೆ ಇಲ್ಲ. ಇತರೆ ಅಂದ್ರೆ ಯಾರ್ರೀ ಅಂತ ಮೇಲಿನೋರು ಕೇಳಿದ್ರೆ ನಾನೇನು ಹೇಳ್ಲಿ?”

“ಸಂಬಳ ಅಂತ?”

“ಯಾರದು ಫಾರಂ?”

“ನಂದೇ.”

ಗುರುಪಾದಸ್ವಾಮಿ ಕನ್ನಡಕ ತೆಗೆದು ಒಳ್ಳೆಯ ಮನಸ್ಸಿನಿಂದ ನಕ್ಕರು. “ನಿಮ್ಗೆ ಬರೋದು ಗೌರವಧನ ಕಣ್ರೀ. ಇವತ್ತು ಸಂಬಳ ಅಂತೀರಿ, ನಾಳೆ ಪಿಎಫ್ ಕೇಳ್ತೀರಿ. ಆ ಸಾಲು ಕಿತ್ತಾಕಿ. ಎರಡು ಸಾರಿ ಬರೆದಿದ್ರು ಅಂತ ಷರಾ ಹಾಕಿ, ಸರೋಯ್ತದೆ.”

ಶಿವಮಲ್ಲು ತನ್ನ ಕುರ್ಚಿಗೆ ಬಂದು ಕೂತ. ಒಂದು ಸಾಲು ಅಳಿಸುವುದಕ್ಕೆ ಎಷ್ಟು ಹೊತ್ತು ಬೇಕು? ಬೆರಳು ಗುಂಡಿಯ ಮೇಲೆ ಇತ್ತು. ಏನೋ ತಡೆಯುತ್ತದೆ ಎಂದುಕೊಂಡಿದ್ದ. ಏನೂ ತಡೆಯಲಿಲ್ಲ. ಒಳಗೆ ನಾನೂರ ಹನ್ನೊಂದು, ಹೊರಗೆ ನಾನೂರ ಹನ್ನೊಂದು. ಯಜಮಾನ ಇಲ್ಲದ ಮನೆಗೆ ಕಂಪ್ಯೂಟರು ಮಂಗಳಗೌರಿಯನ್ನೇ ಯಜಮಾನಿ ಮಾಡಿತು.

“ನೋಡಿ, ಎಷ್ಟು ಸಲೀಸಾಗೋಯ್ತು,” ಎಂದರು ಗುರುಪಾದಸ್ವಾಮಿ. ಆರು ತಿಂಗಳು ಸಿಕ್ಕಿತು.

ಗುಂಡ್ಲುಪೇಟೆಯ ಬಸ್ಸಿನಲ್ಲಿ ಹೂವಿನ ಕುಕ್ಕೆಯ ಹೆಂಗಸೊಬ್ಬಳು ಅವನ ತೊಡೆಯ ಮೇಲೆ ಅರ್ಧ ಕುಕ್ಕೆ ಇಟ್ಟು ನಿದ್ದೆ ಹೋದಳು. ಅವನು ಕೇಳಲಿಲ್ಲ, ಅವಳೂ ಕೇಳಿರಲಿಲ್ಲ. ಇಳಿಯುವಾಗ ಕುಕ್ಕೆ ಎತ್ತಿಕೊಂಡಳು, ಅಷ್ಟೇ.

ಮನೆಯ ಬಾಗಿಲಿಗೆ ಒಳಗಿಂದ ಚಿಲಕ ಹಾಕಿತ್ತು. ಮೆಷಿನ್ನು ಓಡುತ್ತಿತ್ತು. ಬಾಗಿಲು ತಟ್ಟಿದ.

ಮೆಷಿನ್ನು ನಿಂತಿತು.

“ಯಾರು?” ಎಂದಳು ಮಂಗಳಗೌರಿ.

ದಿನಾ ‘ನಾನು’ ಎನ್ನುತ್ತಿದ್ದ. ಇವತ್ತು ಆ ಪದ ಬಾಯಿಗೆ ಬಂದು, ಯಾವ ಕೋಣೆಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತು. ಅವನು ಸರಿಯಾದ ಪದ ಹುಡುಕುತ್ತ, ಎತ್ತಿದ ಕೈ ಎತ್ತಿದಂತೆಯೇ ಬಾಗಿಲ ಮುಂದೆ ನಿಂತ.

ಒಳಗೆ ಅವಳು ಒಂದು ಗಳಿಗೆ ಕಾದಳು. ಆಮೇಲೆ ಮೆಷಿನ್ನು ಮತ್ತೆ ಓಡತೊಡಗಿತು.