ಸ್ಕ್ಯಾನಿಂಗಿನ ಉಪವಾಸ

ಉಪವಾಸ ಹೇಗಿರಬೇಕೆಂದು ಬಸವಕಲ್ಯಾಣದ ರುಕ್ಮಿಣಿಬಾಯಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹುಮನಾಬಾದಿನ ಡಾಕ್ಟರ್ ವಹೀದಾ ಲಿವರ್ ಸ್ಕ್ಯಾನಿಂಗಿಗೆ ಉಪವಾಸ ಬರಬೇಕು ಎಂದಾಗ ಆಕೆ ಮನಸ್ಸಿನಲ್ಲೇ ನಕ್ಕಿದ್ದಳು. ಸೋಮವಾರ, ಏಕಾದಶಿ ಒಂದನ್ನೂ ಬಿಡದವಳಿಗೆ ಇದೇನು ಮಹಾ! ಬೆಳಿಗ್ಗೆ ಜಳಕ ಮಾಡಿ, ಉಪವಾಸದ ಫರಾಳವೆಂದು ಒಂದು ಬಟ್ಟಲು ಸಾಬೂದಾಣಿ ಖಿಚಡಿ ತಿಂದು, ಮೇಲೊಂದು ಚಹಾ ಕುಡಿದು, ಗಂಡ ಬಸವಣಪ್ಪನ ಜೊತೆ ಬಸ್ಸು ಹತ್ತಿದಳು.

ಏನಾದರೂ ತಿಂದಿದ್ದೀರಾ ಎಂದು ಸ್ಕ್ಯಾನಿಂಗ್ ಕೋಣೆಯ ನರ್ಸು ಕೇಳಿದಳು. ಇಲ್ಲ, ಉಪವಾಸ, ಬರೀ ಖಿಚಡಿ ಎಂದಳು ರುಕ್ಮಿಣಿಬಾಯಿ, ಹೆಮ್ಮೆಯಿಂದಲೇ. ನರ್ಸು ಹಣೆ ಹಣೆ ಬಡಿದುಕೊಂಡಳು. ಈ ಉಪವಾಸಕ್ಕೆ ಫರಾಳ ಗಿರಾಳ ನಡೆಯುವುದಿಲ್ಲ, ರಾತ್ರಿ ಊಟವಾದ ಮೇಲೆ ಬರೀ ನೀರು, ಹೊಟ್ಟೆಗೆ ಏನಾದರೂ ಬಿದ್ದರೆ ಒಳಗಿನದು ಸರಿಯಾಗಿ ಕಾಣುವುದಿಲ್ಲ ಎಂದು ತಿಳಿಸಿ, ಸೋಮವಾರ ಬರಲು ಹೇಳಿ ಕಳಿಸಿದಳು. ದಾರಿಯುದ್ದಕ್ಕೂ ಬಸವಣಪ್ಪ ನಕ್ಕಿದ್ದೇ ನಕ್ಕಿದ್ದು. ಆಕೆಗೆ ಮೈಯೆಲ್ಲ ಉರಿಯಿತು.

ನಗುವ ಹೊತ್ತೇ ಅದು? ಅಣ್ಣ ವೀರಭದ್ರನನ್ನು ಬಲಿ ತೆಗೆದುಕೊಂಡದ್ದೂ ಈ ಹಾಳು ಲಿವರೇ. ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ, ನೋಡನೋಡುತ್ತ ಹೋಗಿಬಿಟ್ಟ. ಅವನು ಉಳಿಯಲಿ ಎಂದು ಹಿಡಿದ ಸೋಮವಾರವನ್ನು ಅವನು ಹೋದ ಮೇಲೂ ಆಕೆ ಬಿಟ್ಟಿರಲಿಲ್ಲ. ಬಿಟ್ಟರೆ ಅವನ ಕೈಯನ್ನೇ ಬಿಟ್ಟಂತೆ ಎನಿಸುತ್ತಿತ್ತು. ಈಗ ರಕ್ತಪರೀಕ್ಷೆಯಲ್ಲಿ ತನ್ನ ಲಿವರಿನಲ್ಲೂ ಏನೋ ಏರುಪೇರು ಎಂದು ತಿಳಿದಾಗಿನಿಂದ ಅಣ್ಣನ ಆ ಹಳದಿ ಕಣ್ಣೇ ಎದುರಿಗೆ ಬರುತ್ತಿತ್ತು.

ಸೋಮವಾರ ಹೊಟ್ಟೆ ನಿಜಕ್ಕೂ ಖಾಲಿ. ತಣ್ಣಗಿನ ಜೆಲ್ಲು ಸವರಿ, ಉಸಿರು ಹಿಡಿಯಿರಿ, ಬಿಡಿರಿ ಎನ್ನುತ್ತ ನೋಡಿದರು. ನೋವಿಲ್ಲ, ಗೀವಿಲ್ಲ. ರಿಪೋರ್ಟು ಓದಿದ ಡಾಕ್ಟರ್ ವಹೀದಾ, ಫ್ಯಾಟಿ ಲಿವರ್, ಗ್ರೇಡ್ ಒಂದು ಎಂದರು. ಹೆಂಡತಿಗೆ ಮೊದಲನೇ ನಂಬರು ಬಂತೆಂದು ಬಸವಣಪ್ಪನ ಮುಖ ಅರಳಿತು. ನಂಬರಲ್ಲ ಯಜಮಾನರೇ, ಮೊದಲನೇ ಹಂತ, ಲಿವರಿನಲ್ಲಿ ಸ್ವಲ್ಪ ಕೊಬ್ಬು ಸೇರಿದೆ ಎಂದು ಡಾಕ್ಟರು ನಗುತ್ತ ತಿಳಿಸಿದರು.

ರುಕ್ಮಿಣಿಬಾಯಿ ನಡುವೆ ಬಾಯಿ ಹಾಕಿದಳು. "ನಮ್ಮಣ್ಣಗ ಬಂದಿದ್ದು ಇದೇ ಏನ್ರಿ?"

ವೀರಭದ್ರನಿಗೂ ಔಷಧ ಕೊಟ್ಟವರು ಈ ಡಾಕ್ಟರೇ. "ಅಲ್ಲರಿ ಅಕ್ಕಾ. ಅವರದು ಪೂರಾ ಕೆಟ್ಟು ಹೋಗಿತ್ತು. ನಿಮ್ಮದು ಸುಧಾರಸ್ತದ. ದಿನಾ ನಡೀರಿ, ಎಣ್ಣಿ, ಸಕ್ರಿ ಕಡಿಮಿ ಮಾಡ್ರಿ."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬದುಕಿದೆಯಾ ಬಡಜೀವವೇ ಎನಿಸಿ ಖುಷಿಗೆ ಅಳುವೇ ಬಂದಿತ್ತು. ಆಮೇಲೆ ಡಾಕ್ಟರು ಊಟದ ವಿಚಾರ ಎತ್ತಿದರು. ಖಿಚಡಿ, ಸಾಬೂದಾಣಿ ವಡೆ, ಆಲೂಗಡ್ಡೆ, ಮೇಲಿಂದ ಮೇಲೆ ಸಕ್ಕರೆ ಚಹಾ, ಹೀಗೆ ಉಪವಾಸದ ಸಂಭ್ರಮವೆಲ್ಲ ಹೊರಬಿತ್ತು. ಇಂಥ ಉಪವಾಸಕ್ಕಿಂತ ರೊಟ್ಟಿ, ಪಲ್ಯ ಉಣ್ಣುವುದೇ ನಿಮ್ಮ ಲಿವರಿಗೆ ಒಳ್ಳೆಯದು ಎಂದುಬಿಟ್ಟರು ಡಾಕ್ಟರು.

ಹೊರಗೆ ಬಂದ ಮೇಲೆ ಆಕೆ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಅಣ್ಣನ ಸೋಮವಾರ ಬಿಡುವುದು ಹೇಗೆ? ಬಸವಣಪ್ಪನಿಗೆ ಅದು ತಿಳಿಯಿತು. ಈ ಸಲ ಅವನು ನಗಲಿಲ್ಲ.

"ಅಣ್ಣನ ಸಲುವಾಗಿ ಇಷ್ಟು ದಿನ ಉಪವಾಸ ಮಾಡಿದಿ, ನಾ ಏನೂ ಅನ್ನಲಿಲ್ಲ. ಇನ್ನ ನನ್ನ ಸಲುವಾಗಿ ಉಣ್ಣು."

ಬಸ್‌ಸ್ಟ್ಯಾಂಡಿನ ಬಳಿಯ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ ಬಂತು. ಸೋಮವಾರದ ದಿನ ಮುರಿದ ಮೊದಲ ತುತ್ತನ್ನು ಬಹಳ ಹೊತ್ತು ಅಗಿದಳು. ನೀರು ಕುಡಿದು ನುಂಗಿದಳು. ಎರಡನೇ ರೊಟ್ಟಿಯನ್ನು ತಾನೇ ಕೇಳಿ ಹಾಕಿಸಿಕೊಂಡಳು.